ಆಕ್ಸೈಡು ನ್ಯಾನೊಕಣಗಳ ಕಾಂತತ್ವ: ಉಷ್ಣಸಂಸ್ಕಾರದ ಸಾಕ್ಷ್ಯದ ವಿಮರ್ಶೆ

ಸತುವಿನ ಆಕ್ಸೈಡು, ಅಲ್ಯೂಮಿನಿಯಂ ಆಕ್ಸೈಡು ಮೊದಲಾದ ಪದಾರ್ಥಗಳಲ್ಲಿ ಎಲೆಕ್ಟ್ರಾನುಗಳೆಲ್ಲವೂ ಜೋಡಿಗೂಡಿರುವುದರಿಂದ ಅವುಗಳ ಪರಮಾಣುಗಳಿಗೆ ಸ್ವಂತದ ಕಾಂತಭ್ರಾಮಕವಿಲ್ಲ. ಕಾಂತಕ್ಷೇತ್ರದಲ್ಲಿ ಇರಿಸಿದರೆ ಅವು ಅದಕ್ಕೆ ಅತ್ಯಲ್ಪವಾಗಿ ವಿರುದ್ಧವಾಗುವುವು. ಆದುದರಿಂದಲೇ ಅವುಗಳಿಗೆ ಪ್ರತಿಕಾಂತಗಳೆಂದು ಹೆಸರು. ಕಬ್ಬಿಣದಂತೆ ಕ್ಷೇತ್ರವನ್ನು ತೆಗೆದಮೇಲೂ ಕಾಂತತ್ವವನ್ನು ಉಳಿಸಿಕೊಳ್ಳುವ ಗುಣ, ಎಂದರೆ ಫೆರ್ರೊಕಾಂತತ್ವ, ಇವುಗಳಲ್ಲಿ ಇರಬಹುದೆಂದು ಯಾವ ಪಠ್ಯಗ್ರಂಥವೂ ಹೇಳುವುದಿಲ್ಲ. ಹೀಗಿರುವಲ್ಲಿ, ಇವೇ ಪದಾರ್ಥಗಳನ್ನು ಹತ್ತಿಪ್ಪತ್ತು ನ್ಯಾನೊಮೀಟರು ವ್ಯಾಸದ ಕಣಗಳಾಗಿ ತಯಾರಿಸಿದೊಡನೆ ಕೊಠಡಿಯ ಉಷ್ಣತೆಯಲ್ಲಿಯೇ ಅವು ಫೆರ್ರೊಕಾಂತಗಳಾಗುತ್ತವೆಂಬ ವರದಿಗಳು ಕಳೆದ ಎರಡು ದಶಕಗಳಲ್ಲಿ ಸಂಶೋಧನ ಪತ್ರಿಕೆಗಳನ್ನು ತುಂಬಿವೆ. ಕಾರಣವಾಗಿ ಹೇಳುವುದು ಬಹುಮಟ್ಟಿಗೆ ಒಂದೇ: ಕಣದ ಮೇಲ್ಮೈಯಲ್ಲಿ ಆಮ್ಲಜನಕದ ಪರಮಾಣು ಇರಬೇಕಾದೆಡೆ ಇಲ್ಲದೆ ಉಳಿದ ರಿಕ್ತಸ್ಥಾನಗಳು. ಅದಕ್ಕೆ ಕೊಡುವ ಪ್ರಮಾಣವೂ ಬಹುಮಟ್ಟಿಗೆ ಒಂದೇ: ಪುಡಿಯನ್ನು ಆಮ್ಲಜನಕದಲ್ಲಿ ಕಾಯಿಸಿದರೆ ಕಾಂತತ್ವ ಕುಂದುತ್ತದೆ, ನಿರ್ವಾತದಲ್ಲಿಯೋ ಹೈಡ್ರೊಜನ್ನಿನಲ್ಲಿಯೋ ಕಾಯಿಸಿದರೆ ಏರುತ್ತದೆ.

ಈ ಎರಡನೆಯ ವಾಕ್ಯವನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಕಣಗಳಲ್ಲಿ ಕಾಂತತ್ವವಿಲ್ಲವೆಂದು ಸಾಧಿಸುವುದು ನಮ್ಮ ಇಷ್ಟವಲ್ಲ. ಉಷ್ಣಸಂಸ್ಕಾರದ ಪ್ರಯೋಗಕ್ಕೆ ಅದು ಹೊರಲಾರದ ಭಾರವನ್ನು ಹೊರಿಸಿದ್ದಾರೆಂದು ತೋರಿಸುವುದಷ್ಟೇ ಇಲ್ಲಿನ ಕೆಲಸ. ಈ ಪ್ರಯೋಗ ಸುಲಭವಾದುದು. ಕುಲುಮೆಯೊಂದು, ಕಂಪನಮಾದರಿಯ ಕಾಂತಮಾಪಕವೊಂದು ಇದ್ದರೆ ಒಂದು ಪ್ರಬಂಧಕ್ಕೆ ಬೇಕಾದಷ್ಟು ವಕ್ರರೇಖೆಗಳು ದೊರೆಯುತ್ತವೆ. ಆ ಸೌಲಭ್ಯದಿಂದಲೇ ಅನೇಕ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ತಮ್ಮ ಡಾಕ್ಟರೇಟ್ ಪದವಿಯ ಮೂರು ನಾಲ್ಕು ವರ್ಷಗಳನ್ನು ಇದಕ್ಕೆ ಮುಡಿಪಿಟ್ಟಿದ್ದಾರೆ. ಅವರು ಅಳೆದದ್ದು ಏನನ್ನು ಎಂಬ ಪ್ರಶ್ನೆ ಆದಕಾರಣ ಕೇವಲ ತರ್ಕವಿನೋದದ್ದಲ್ಲ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ೨೦೦೦ದಲ್ಲಿ ಡೀಟ್ಲ್ ಮತ್ತು ಸಹೋದ್ಯೋಗಿಗಳು ಮ್ಯಾಂಗನೀಸ್ ಬೆರೆಸಿದ ಸತುವಿನ ಆಕ್ಸೈಡು ಕೊಠಡಿಯ ಉಷ್ಣತೆಗೂ ಮೇಲೆ ಫೆರ್ರೊಕಾಂತವಾಗಬಹುದೆಂದು ಸೈದ್ಧಾಂತಿಕವಾಗಿ ಸೂಚಿಸಿದರು. ೨೦೦೧ರಲ್ಲಿ ಜಪಾನಿನ ಮಾತ್ಸುಮೊತೊ ಮೊದಲಾದವರು ಕೋಬಾಲ್ಟ್ ಬೆರೆಸಿದ ಟೈಟೇನಿಯಂ ಆಕ್ಸೈಡಿನ ತೆಳುಪದರಗಳಲ್ಲಿ ಅದನ್ನು ಕಂಡೆವೆಂದರು. ೨೦೦೪ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವೆಂಕಟೇಶನ್, ಫಿಟ್ಜ್‌ಜೆರಾಲ್ಡ್, ಕೋಯಿ ಎಂಬ ಮೂವರು ಕಾಂತಧಾತುವನ್ನೇ ಬೆರೆಸದ ಹಾಫ್ನಿಯಂ ಆಕ್ಸೈಡಿನ ಪದರಗಳಲ್ಲಿಯೂ ಫೆರ್ರೊಕಾಂತತ್ವವಿದೆಯೆಂದು ಪ್ರಕಟಿಸಿದಾಗ ಬೆರಕೆಯ ಅಗತ್ಯವೂ ತಪ್ಪಿದಂತಾಯಿತು. ಮರುವರ್ಷವೇ ಏಬ್ರಹಾಂ ಮತ್ತು ಸಂಗಡಿಗರು ತಾವು ತಯಾರಿಸಿದ ಹಾಫ್ನಿಯಂ ಆಕ್ಸೈಡಿನಲ್ಲಿ ಅಂಥದೇನೂ ಇಲ್ಲವೆಂದೂ, ಸ್ಟೇನ್‌ಲೆಸ್ ಉಕ್ಕಿನ ಚಿಮಟದಿಂದ ಹಿಡಿದ ಪದರಗಳಲ್ಲಿ ಮಾತ್ರ ಹೋಲುವ ಸಂಕೇತ ಬರುತ್ತದೆಂದೂ ಬರೆದರು. ಈ ಚಿಮಟದ ಪ್ರಸಂಗ ಬೋಧಪ್ರದವಾದುದು. ಸ್ಟೇನ್‌ಲೆಸ್ ಉಕ್ಕು ಕಾಂತಕ್ಕೆ ಅಂಟುವುದಿಲ್ಲವೆಂಬ ನಂಬಿಕೆಯಿಂದ ನಾವೆಲ್ಲರೂ ಅದನ್ನು ನಿಶ್ಚಿಂತೆಯಾಗಿ ಬಳಸುತ್ತೇವೆ. ಆದರೆ ತಣ್ಣಗಿರುವಾಗ ಬಡಿದು ಬಾಗಿಸಿದ ಎಡೆಗಳಲ್ಲಿ ಆ ಉಕ್ಕಿನ ಸ್ಫಟಿಕರಚನೆ ಬದಲಾಗಿ ಕಾಂತೀಯವಾಗುತ್ತದೆ. ಚಿಮಟದ ತುದಿ ಅಂಥದೇ ಎಡೆ.

ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಬರಹ ೨೦೦೬ರದು, ಬೆಂಗಳೂರಿನದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಎ. ಸುಂದರೇಶನ್, ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು ಸೀರಿಯಂ, ಅಲ್ಯೂಮಿನಿಯಂ, ಸತು, ಇಂಡಿಯಂ, ತವರ ಎಂಬ ಐದು ಧಾತುಗಳ ಆಕ್ಸೈಡುಗಳನ್ನು ೭ರಿಂದ ೩೦ ನ್ಯಾನೊಮೀಟರು ವ್ಯಾಸದ ಕಣಗಳಾಗಿ ತಯಾರಿಸಿ, ಐದರಲ್ಲಿಯೂ ಕೊಠಡಿಯ ಉಷ್ಣತೆಯಲ್ಲಿ ಫೆರ್ರೊಕಾಂತತ್ವವನ್ನು ಕಂಡರು. ಅದೇ ಕಣಗಳನ್ನು ಗಾಳಿಯಲ್ಲಿ ಅಥವಾ ಆಮ್ಲಜನಕದಲ್ಲಿ ಹೆಚ್ಚಿನ ಉಷ್ಣತೆಗೆ ಕಾಯಿಸಿ ಬೆಸೆದಾಗ ದೊರೆತ ಘನವಸ್ತು ಪ್ರತಿಕಾಂತವಾಯಿತು. ಕಾಂತೀಯ ಕಲ್ಮಷಗಳಿಲ್ಲದ್ದರಿಂದ ಮೇಲ್ಮೈಯ ಆಮ್ಲಜನಕ ರಿಕ್ತಸ್ಥಾನಗಳಲ್ಲಿ ನಿಂತ ಎಲೆಕ್ಟ್ರಾನುಗಳ ಸ್ಪಿನ್ನುಗಳು ಪರಸ್ಪರ ವಿನಿಮಯಬಲದಿಂದ ಒಂದೇ ದಿಕ್ಕಿಗೆ ತಿರುಗುವುದೇ ಇದರ ಮೂಲವಿರಬಹುದೆಂದು ಅವರು ಊಹಿಸಿದರು. ಲೋಹದ ಆಕ್ಸೈಡುಗಳ ನ್ಯಾನೊಕಣಗಳಿಗೆಲ್ಲ ಇದು ಸಾರ್ವತ್ರಿಕ ಲಕ್ಷಣವಾಗಿರಬಹುದೆಂದೂ ಸೂಚಿಸಿದರು. ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಮೂಲಲೇಖಕರು ‘ಇರಬಹುದು’ ಎಂದರು. ಅವರನ್ನು ಉದ್ಧರಿಸಿದವರಲ್ಲಿ ಬಹುಜನ ಆ ‘ಬಹುದು’ ಎಂಬುದನ್ನು ದಾರಿಯಲ್ಲಿ ಕಳೆದುಕೊಂಡರು. ರಾವ್ ಅವರೇ ದೀಪಕ್ ಅವರೊಡನೆ ೨೦೦೫ರಲ್ಲಿ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಬೆರೆಸಿದ ಸತುವಿನ ಆಕ್ಸೈಡಿನಲ್ಲಿ ಫೆರ್ರೊಕಾಂತತ್ವವಿಲ್ಲವೆಂದು ಪ್ರಕಟಿಸಿದವರೆಂಬುದನ್ನೂ ಮರೆಯಬಾರದು. ಹೊಸತನದ ಮೋಹಕ್ಕೆ ಸುಲಭವಾಗಿ ಒಳಗಾಗುವ ಪ್ರಯೋಗಾಲಯವಲ್ಲ ಅದು.

ಇನ್ನು ಪರಿಮಾಣದ ವಿಚಾರ. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ವರದಿಯಾಗುವ ಪರ್ಯಾಪ್ತ ಕಾಂತೀಕರಣ ಗ್ರಾಮಿಗೆ ೦.೦೦೧ ಇ.ಎಂ.ಯು. ಆಸುಪಾಸಿನದು. ಶುದ್ಧ ಕಬ್ಬಿಣದ್ದು ಗ್ರಾಮಿಗೆ ಸುಮಾರು ೨೧೮, ಮ್ಯಾಗ್ನೆಟೈಟಿನದು ಸುಮಾರು ೯೨. ಎಂದರೆ ಪುಡಿಯಲ್ಲಿ ತೂಕದಲ್ಲಿ ದಶಲಕ್ಷಕ್ಕೆ ಐದು ಭಾಗದಷ್ಟು ಕಬ್ಬಿಣವಿದ್ದರೆ, ಅಥವಾ ಹನ್ನೊಂದು ಭಾಗದಷ್ಟು ಮ್ಯಾಗ್ನೆಟೈಟ್ ಇದ್ದರೆ, ಕಂಡ ಸಂಕೇತವೆಲ್ಲಕ್ಕೂ ಅದೇ ಸಾಕು. ನೂರು ಮಿಲಿಗ್ರಾಂ ಪುಡಿಗೆ ಬೇಕಾಗುವ ಕಬ್ಬಿಣ ಅರ್ಧ ಮೈಕ್ರೊಗ್ರಾಮಿಗಿಂತಲೂ ಕಡಮೆ. ಅದನ್ನೆಲ್ಲ ಒಂದು ಘನವಾಗಿ ಕೂಡಿಸಿದರೆ ಅದರ ಬದಿ ೪೦ ಮೈಕ್ರೊಮೀಟರನ್ನೂ ಮುಟ್ಟದು, ತಲೆಗೂದಲ ದಪ್ಪಕ್ಕಿಂತ ಕಿರಿದು. ಶೇಕಡ ೯೯.೯೯ ಶುದ್ಧವೆಂದು ಸೀಸೆಯ ಮೇಲೆ ಅಚ್ಚಾದ ರಾಸಾಯನಿಕವು ದಶಲಕ್ಷಕ್ಕೆ ನೂರು ಭಾಗ ಕಲ್ಮಷವನ್ನು ನ್ಯಾಯವಾಗಿಯೇ ಹೊಂದಿರಬಹುದು. ಎಕ್ಸ್-ಕಿರಣಗಳ ವಿವರ್ತನ ಚಿತ್ರದಲ್ಲಿ ಬೇರೆ ವಸ್ತುವಿನ ರೇಖೆಗಳಿಲ್ಲ, ಆದ್ದರಿಂದ ಕಲ್ಮಷವಿಲ್ಲ ಎಂಬ ವಾಕ್ಯ ಈ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯ ವಿವರ್ತನ ಚಿತ್ರಕ್ಕೆ ಶೇಕಡ ಒಂದರ ಸುತ್ತಿನ ಬೆರಕೆಯೇ ಕಾಣುವುದು ಕಷ್ಟ. ಅದು ನಮಗೆ ಬೇಕಾದ ಸೂಕ್ಷ್ಮತೆಗಿಂತ ಎರಡು ಸಾವಿರ ಪಟ್ಟು ಒರಟಾದ ಜರಡಿ.

ಅಳತೆಯ ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಿಬಿಡಬೇಕು. ಹತ್ತು ಸಾವಿರ ಓಯರ್‌ಸ್ಟೆಡ್ ಕ್ಷೇತ್ರದಲ್ಲಿ ಸತುವಿನ ಆಕ್ಸೈಡಿನ ಸಹಜವಾದ ಪ್ರತಿಕಾಂತತ್ವವೇ ಗ್ರಾಮಿಗೆ ೦.೦೦೩ ಇ.ಎಂ.ಯು. ಮೀರುತ್ತದೆ, ಎಂದರೆ ಹುಡುಕುತ್ತಿರುವುದರ ಮೂರು ಪಟ್ಟು. ಪ್ರಕಟವಾಗುವ ಅಚ್ಚುಕಟ್ಟಾದ ವಕ್ರರೇಖೆ, ಈ ಇಳಿಜಾರಿನ ಸರಳರೇಖೆಯನ್ನೂ ಪುಡಿಯನ್ನು ಹಿಡಿದ ಕೊಳವೆ, ಹತ್ತಿ, ಅಂಟುಪಟ್ಟಿಗಳ ಪಾಲನ್ನೂ ಕಳೆದಮೇಲೆ ಉಳಿದ ಶೇಷ. ಶೇಷವೇ ಸುಳ್ಳೆಂದಲ್ಲ. ಆದರೆ ಕಳೆಯುವುದಕ್ಕೆ ಮುಂಚಿನ ರೇಖೆಯನ್ನು ವಾಚಕರಿಗೆ ತೋರಿಸದ ಲೇಖನವನ್ನು, ಲೆಕ್ಕದ ಉತ್ತರವನ್ನು ಮಾತ್ರ ಬರೆದ ಹುಡುಗನ ಹಲಗೆಯಂತೆ ನೋಡಬೇಕಾಗುತ್ತದೆ.

ಕಲ್ಮಷದ ಸಂದೇಹವನ್ನು ಬದಿಗಿಟ್ಟು, ಕಾಂತತ್ವವೆಲ್ಲ ಕಣಗಳದ್ದೇ ಎಂದು ಒಪ್ಪಿಕೊಂಡರೂ ಗಣಿತವು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಹತ್ತು ನ್ಯಾನೊಮೀಟರು ವ್ಯಾಸದ ಸತುವಿನ ಆಕ್ಸೈಡಿನ ಒಂದು ಕಣದಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಅಣುಘಟಕಗಳಿರುತ್ತವೆ. ಅದರ ಹೊರಗಿನ ೦.೩ ನ್ಯಾನೊಮೀಟರು ದಪ್ಪದ ಪದರವೊಂದರಲ್ಲಿಯೇ ಇಡಿಯ ಕಣದ ಶೇಕಡ ೧೭ ಭಾಗ ಅಡಗಿದೆ. ಮೇಲ್ಮೈಯ ಮಹತ್ತ್ವಕ್ಕೆ ಈ ಸಂಖ್ಯೆ ಸಾಕ್ಷಿ. ಒಂದು ಮೈಕ್ರೊಮೀಟರಿನ ಕಣದಲ್ಲಿ ಅದೇ ಪದರ ಶೇಕಡ ೦.೨ನ್ನೂ ತಲಪದು. ಆದರೆ ಗ್ರಾಮಿಗೆ ೦.೦೦೧ ಇ.ಎಂ.ಯು. ಎಂಬುದನ್ನು ಕಣಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಸುಮಾರು ೦.೩ ಬೋರ್ ಮ್ಯಾಗ್ನೆಟಾನು. ಒಂಟಿ ಎಲೆಕ್ಟ್ರಾನಿನ ಸ್ಪಿನ್ನು ಒಂದು ಮ್ಯಾಗ್ನೆಟಾನು. ಎಂದರೆ ಮೂರು ಕಣಗಳಿಗೆ ಸೇರಿ ಒಂದು ಸ್ಪಿನ್ನು! ಒಂದು ಕಣದ ಮೇಲ್ಮೈಯಲ್ಲಿ ನೆರೆಹೊರೆಯ ರಿಕ್ತಸ್ಥಾನಗಳ ಸ್ಪಿನ್ನುಗಳು ಒಂದನ್ನೊಂದು ತಿದ್ದಿಕೊಂಡು ಸಾಲಾಗಿ ನಿಲ್ಲುತ್ತವೆಂಬ ಚಿತ್ರದಲ್ಲಿ, ಸಾಲಾಗುವುದಕ್ಕೆ ಎರಡನೆಯವನೇ ಇಲ್ಲ.

ಇಷ್ಟೇ ಅಲ್ಲ. ಕೆಲವು ಸಾವಿರ ಓಯರ್‌ಸ್ಟೆಡ್ಡುಗಳಲ್ಲಿ ಕಾಂತೀಕರಣ ಪರ್ಯಾಪ್ತವಾಗಬೇಕಾದರೆ ಕ್ಷೇತ್ರವು ಪ್ರತಿಯೊಂದು ಕಾಂತಘಟಕದ ಮೇಲೆ ಮಾಡುವ ಪ್ರಭಾವ ಉಷ್ಣಚಲನೆಯ ಶಕ್ತಿಯನ್ನು ಮೀರಬೇಕು. ಕೊಠಡಿಯ ಉಷ್ಣತೆಯಲ್ಲಿ, ಸಾವಿರ ಓಯರ್‌ಸ್ಟೆಡ್ಡಿಗೆ ಎರಡೂ ಸಮನಾಗಲು ಘಟಕವೊಂದಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಬೋರ್ ಮ್ಯಾಗ್ನೆಟಾನುಗಳ ಭ್ರಾಮಕವಿರಬೇಕು. ೦.೩ ಮ್ಯಾಗ್ನೆಟಾನಿನ ಒಂಟಿ ಕಣವಾದರೋ ಹತ್ತು ಸಾವಿರ ಓಯರ್‌ಸ್ಟೆಡ್ಡಿನಲ್ಲಿಯೂ ಉಷ್ಣಚಲನೆಯ ಸಾವಿರದ ಒಂದಂಶದಷ್ಟು ಮಾತ್ರ ಕ್ಷೇತ್ರದ ಮಾತನ್ನು ಕೇಳುತ್ತದೆ. ಆದುದರಿಂದ ಎರಡೇ ಗತಿಗಳು ಉಳಿಯುತ್ತವೆ. ಒಂದೋ, ಬಹುಪಾಲು ಕಣಗಳು ಕಾಂತೀಯವೇ ಅಲ್ಲ, ಎಲ್ಲಿಯೋ ಕೆಲವು ಎಡೆಗಳಲ್ಲಿ ಕಾಂತತ್ವ ಗಂಟುಗಟ್ಟಿ ನಿಂತಿದೆ. ಅಥವಾ ಸಾವಿರಾರು ಕಣಗಳು ಕೂಡಿ ಒಂದು ಘಟಕವಾಗಿ ವರ್ತಿಸುತ್ತಿವೆ. ಮೊದಲನೆಯದು ಕಬ್ಬಿಣದ ಕಲ್ಮಷಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರಡನೆಯದಕ್ಕೆ ಹೊಸ ಭೌತಶಾಸ್ತ್ರವೇ ಬೇಕಾಗುತ್ತದೆ. ಪ್ರತಿಯೊಂದು ಕಣದ ಮೇಲ್ಮೈಯೂ ತಾನೇ ತಾನಾಗಿ ಫೆರ್ರೊಕಾಂತವೆಂಬ ಬಳಕೆಯ ವಿವರಣೆ ಮಾತ್ರ ಎರಡರಲ್ಲಿಯೂ ಸೇರುವುದಿಲ್ಲ.

ಈಗ ಉಷ್ಣಸಂಸ್ಕಾರಕ್ಕೆ ಬರೋಣ. ನಮ್ಮ ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಹೂಡಿರುವುದು ಅನ್ವಯವ್ಯತಿರೇಕಗಳ ವಾದ: ರಿಕ್ತಸ್ಥಾನವಿದ್ದೆಡೆ ಕಾಂತತ್ವವಿದೆ, ರಿಕ್ತಸ್ಥಾನವನ್ನು ಆಮ್ಲಜನಕದಿಂದ ತುಂಬಿದರೆ ಕಾಂತತ್ವವಿಲ್ಲ, ಮತ್ತೆ ತೆರವುಮಾಡಿದರೆ ಮತ್ತೆ ಇದೆ; ಆದ್ದರಿಂದ ಅದೇ ಕಾರಣ. ವಾದದ ರೂಪ ನಿರ್ದುಷ್ಟವಾದುದು. ಆದರೆ ಆ ರೂಪ ಸಾಧಕವಾಗಬೇಕಾದರೆ ಬದಲಾದದ್ದು ಒಂದೇ ಒಂದು ಅಂಶವೆಂದು ಮೊದಲು ಗೊತ್ತಿರಬೇಕು. ಕುಲುಮೆಯೊಳಕ್ಕೆ ಹೋದ ನ್ಯಾನೊಕಣದಲ್ಲಿ ಬದಲಾಗದಿರುವುದು ಯಾವುದು ಎಂದು ಕೇಳುವುದೇ ಸುಲಭ.

ಹತ್ತು ನ್ಯಾನೊಮೀಟರಿನ ಸತುವಿನ ಆಕ್ಸೈಡಿಗೆ ಗ್ರಾಮೊಂದಕ್ಕೆ ನೂರು ಚದರ ಮೀಟರಿಗೂ ಮಿಕ್ಕ ಮೇಲ್ಮೈಯಿದೆ. ಅಷ್ಟು ವಿಸ್ತಾರವಾದ ಮೇಲ್ಮೈ ಬರಿದಾಗಿ ಇರುವುದಿಲ್ಲ. ನೀರು, ಹೈಡ್ರಾಕ್ಸಿಲ್, ಕಾರ್ಬೊನೇಟು, ತಯಾರಿಕೆಯ ಕಾಲದಲ್ಲಿ ಬಳಸಿದ ಸಾವಯವ ಪದಾರ್ಥಗಳ ಅವಶೇಷ ಇವೆಲ್ಲವೂ ಅಲ್ಲಿ ಅಂಟಿಕೊಂಡಿರುತ್ತವೆ. ಕೆಲವು ನೂರು ಡಿಗ್ರಿಗಳಿಗೆ ಕಾಯಿಸಿದರೆ ಮೊದಲು ಹೋಗುವುವು ಇವು. ಇನ್ನೂ ಕಾಯಿಸಿದರೆ ಕಣಗಳು ಬೆಳೆದು ಒಂದಕ್ಕೊಂದು ಬೆಸೆಯುತ್ತವೆ. ಮೈಕ್ರೊಮೀಟರಿನ ಗಾತ್ರಕ್ಕೆ ಬಂದಾಗ ಮೇಲ್ಮೈ ಗ್ರಾಮಿಗೆ ಒಂದು ಚದರ ಮೀಟರಿಗೆ ಇಳಿದಿರುತ್ತದೆ. ರಿಕ್ತಸ್ಥಾನಗಳ ಸಂಖ್ಯೆ ಬದಲಾಗುವುದೂ ನಿಜ. ಆದರೆ ಅದು ಇಷ್ಟೆಲ್ಲದರ ಮಧ್ಯೆ ಒಂದು. ಜಕ್ಕೂರಿನ ಪ್ರಯೋಗದಲ್ಲಿ ಬೆಸೆದ ಘನವಸ್ತು ಪ್ರತಿಕಾಂತವಾದುದರಿಂದ ಕಾಂತತ್ವಕ್ಕೂ ನ್ಯಾನೊರೂಪಕ್ಕೂ ಸಂಬಂಧವಿದೆಯೆಂದು ಹೇಳಬಹುದು. ಆ ಸಂಬಂಧದ ಕೊಂಡಿ ರಿಕ್ತಸ್ಥಾನವೇ ಎಂದು ಅದರಿಂದ ಸಿದ್ಧಿಸುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ಆಕ್ಷೇಪ ಕಬ್ಬಿಣದಿಂದಲೇ ಬರುತ್ತದೆ. ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಕುಂಬಾರನ ಆವಿಗೆಯಲ್ಲಿ ಗಾಳಿಯಾಡಿದರೆ ಮಡಕೆ ಕೆಂಪಾಗುತ್ತದೆ, ಹೊಗೆಗಟ್ಟಿದರೆ ಕಪ್ಪಾಗುತ್ತದೆ. ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳಲ್ಲಿ ದೊರೆತ ಕಪ್ಪು-ಕೆಂಪು ಮಡಕೆಗಳನ್ನು ನೋಡಿದವರಿಗೆ ಈ ವಿದ್ಯೆ ನಮ್ಮಲ್ಲಿ ಎಷ್ಟು ಹಳೆಯದೆಂದು ತಿಳಿದೇ ಇದೆ. ಆ ಕಪ್ಪಿನಲ್ಲಿ ಮಸಿಯ ಪಾಲಿದೆ, ಕಬ್ಬಿಣದ ಪಾಲೂ ಇದೆ. ಕೆಂಪು ಹೆಮಟೈಟಿನದು, ಆಮ್ಲಜನಕ ಸಾಲದ ಬಿಸಿಯಲ್ಲಿ ಅದು ಕಪ್ಪು ಮ್ಯಾಗ್ನೆಟೈಟಾಗಿ ಮಾರ್ಪಡುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಹೆಮಟೈಟಿನ ಕಾಂತೀಕರಣ ಗ್ರಾಮಿಗೆ ಸುಮಾರು ೦.೪ ಇ.ಎಂ.ಯು., ಮ್ಯಾಗ್ನೆಟೈಟಿನದು ೯೨. ಅಷ್ಟೇ ಕಬ್ಬಿಣ, ಒಂದು ಪರಮಾಣುವೂ ಹೆಚ್ಚಿಲ್ಲ, ಕಡಮೆಯಿಲ್ಲ. ಕಾಂತತ್ವ ಮಾತ್ರ ಇನ್ನೂರು ಪಟ್ಟಿಗೂ ಮೀರಿ ಏರುತ್ತದೆ. ಹೈಡ್ರೊಜನ್ನಿನಲ್ಲಿ ಇದಕ್ಕೆ ಮುನ್ನೂರು ನಾನೂರು ಡಿಗ್ರಿಗಳು ಸಾಕು. ಇನ್ನೂ ಮುಂದೆ ಹೋದರೆ ಲೋಹವೇ ದೊರೆಯುತ್ತದೆ. ಮರಳಿ ಗಾಳಿಯಲ್ಲಿ ಕಾಯಿಸಿದರೆ ಮ್ಯಾಗ್ನೆಟೈಟ್ ಪುನಃ ಹೆಮಟೈಟಾಗಿ ಸಂಕೇತ ಮುಳುಗಿಹೋಗುತ್ತದೆ.

ಹೀಗೆ ನಿರ್ವಾತದಲ್ಲಿ ಏರುವುದು, ಆಮ್ಲಜನಕದಲ್ಲಿ ಇಳಿಯುವುದು, ಮತ್ತೆ ಏರುವುದು ಎಂಬ ಯಾವ ಚಕ್ರವನ್ನು ರಿಕ್ತಸ್ಥಾನದ ಹೆಜ್ಜೆಗುರುತೆಂದು ತೋರಿಸುತ್ತಾರೋ, ಅದೇ ಚಕ್ರವನ್ನು ದಶಲಕ್ಷಕ್ಕೆ ಹತ್ತು ಭಾಗದ ಕಬ್ಬಿಣದ ಧೂಳು ಅಕ್ಷರಶಃ ಅನುಕರಿಸಬಲ್ಲದು. ಹೇತು ಎರಡು ಪಕ್ಷಗಳಲ್ಲಿಯೂ ಸಮಾನವಾಗಿ ಇರುವಾಗ ಅದು ಅನೈಕಾಂತಿಕ. ಅದರಿಂದ ಯಾವ ಪಕ್ಷವೂ ಸಾಧಿತವಾಗುವುದಿಲ್ಲ. ಕಿಟಕಿ ತೆರೆದಿಟ್ಟ ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಮೇಜಿನ ಮೇಲೆ ಕೂರುವ ಕೆಮ್ಮಣ್ಣಿನ ಧೂಳೂ ಹೆಮಟೈಟನ್ನು ಹೊತ್ತು ತರುತ್ತದೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಕಾಯಿಸುವುದಕ್ಕೆ ಮುಂಚೆ ಅಳೆದು ‘ಕಲ್ಮಷವಿಲ್ಲ’ ಎಂದವರಿಗೆ ಅದು ಕಾಣದಿರುವುದು ಆಶ್ಚರ್ಯವಲ್ಲ. ಆಗ ಅದು ಕಾಂತಮಾಪಕದ ಮಟ್ಟಿಗೆ ನಿದ್ರಿಸುತ್ತಿರುತ್ತದೆ.

ಬೆಸೆದ ಘನವಸ್ತುವಿನಲ್ಲಿ ಕಾಂತತ್ವವಿಲ್ಲ, ಕಲ್ಮಷವಿದ್ದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು ಎಂಬ ಪ್ರತಿಪ್ರಶ್ನೆ ಏಳುವುದು ಸಹಜ. ಉತ್ತರವೂ ಇದೆ. ಅಲ್ಯೂಮಿನಿಯಂ ಆಕ್ಸೈಡಿನ ಕುರಂದ ರೂಪವೂ ಹೆಮಟೈಟೂ ಒಂದೇ ಬಗೆಯ ಸ್ಫಟಿಕರಚನೆಯುಳ್ಳವು. ಆದಕಾರಣ ಹೆಚ್ಚಿನ ಉಷ್ಣತೆಯಲ್ಲಿ ಅಲ್ಪಪ್ರಮಾಣದ ಕಬ್ಬಿಣ ಅಲ್ಯೂಮಿನಿಯಮ್ಮಿನ ಸ್ಥಾನಗಳಲ್ಲಿ ಒಂಟಿ ಒಂಟಿಯಾಗಿ ಕರಗಿ ಕುಳಿತುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಅದು ಅನುಕಾಂತ ಮಾತ್ರ, ಪ್ರತಿಕಾಂತತ್ವದ ಇಳಿಜಾರಿನಲ್ಲಿ ಗುರುತು ಸಿಕ್ಕದೆ ಅಡಗುತ್ತದೆ. ಸತುವಿನ ಆಕ್ಸೈಡಿನಲ್ಲಿ ಕಬ್ಬಿಣವು ಸತುವಿನೊಡನೆ ಸೇರಿ ಸತುವಿನ ಫೆರೈಟಾಗಬಹುದು. ಚೆನ್ನಾಗಿ ಕಾಯಿಸಿದ ಸತುವಿನ ಫೆರೈಟು ಕೊಠಡಿಯ ಉಷ್ಣತೆಯಲ್ಲಿ ಅನುಕಾಂತವೇ. ಕಲ್ಮಷ ಹೋಗಲಿಲ್ಲ; ವೇಷ ಬದಲಿಸಿತು. ಜಕ್ಕೂರಿನ ಪುಡಿಗಳಲ್ಲಿ ಹೀಗೆಯೇ ಆಯಿತೆಂದು ನಾವು ಹೇಳುತ್ತಿಲ್ಲ, ಹೇಳುವ ಅಧಿಕಾರವೂ ನಮಗಿಲ್ಲ. ಹೀಗಾಗಲಿಲ್ಲವೆಂದು ಉಷ್ಣಸಂಸ್ಕಾರದ ಪ್ರಯೋಗದಿಂದ ಮಾತ್ರವೇ ತಿಳಿಯಲಾರದೆಂಬುದು ನಮ್ಮ ಮಾತು.

ರಿಕ್ತಸ್ಥಾನಗಳನ್ನು ನೇರವಾಗಿ ಕಂಡಿದ್ದೇವೆಂದು ಹೇಳುವ ಲೇಖನಗಳೂ ಉಂಟು. ಅವುಗಳ ಆಧಾರ ಸಾಮಾನ್ಯವಾಗಿ ಎರಡು. ಒಂದು, ಸತುವಿನ ಆಕ್ಸೈಡು ಬೀರುವ ಹಸುರು ದೀಪ್ತಿ. ಇದನ್ನು ಆಮ್ಲಜನಕದ ರಿಕ್ತಸ್ಥಾನಕ್ಕೆ ಆರೋಪಿಸಿದವರಿರುವಂತೆಯೇ ಸತುವಿನ ರಿಕ್ತಸ್ಥಾನಕ್ಕೂ ತಾಮ್ರದ ಲೇಶಕ್ಕೂ ಆರೋಪಿಸಿದವರಿದ್ದಾರೆ, ವ್ಯಾಜ್ಯ ಬಗೆಹರಿದಿಲ್ಲ. ಇನ್ನೊಂದು, ಎಕ್ಸ್-ಕಿರಣ ಪ್ರಕಾಶಎಲೆಕ್ಟ್ರಾನು ರೋಹಿತದಲ್ಲಿ ಆಮ್ಲಜನಕದ ಮುಖ್ಯ ಶಿಖರದ ಪಕ್ಕದಲ್ಲಿ, ೫೩೧ ಎಲೆಕ್ಟ್ರಾನ್-ವೋಲ್ಟುಗಳ ಹೊತ್ತಿಗೆ ಕಾಣುವ ಹೆಗಲು. ಮೇಲ್ಮೈಗೆ ಅಂಟಿದ ಹೈಡ್ರಾಕ್ಸಿಲಿನ ಶಿಖರವೂ ಸರಿಸುಮಾರು ಅಲ್ಲಿಯೇ ಬರುತ್ತದೆ. ಇಲ್ಲದ ಪರಮಾಣು ತನ್ನ ಎಲೆಕ್ಟ್ರಾನನ್ನು ಹೊರಹಾಕುವುದಾದರೂ ಹೇಗೆ ಎಂಬ ಸರಳ ಪ್ರಶ್ನೆಯನ್ನು ಈ ಲೇಖಕರು ಕೇಳಿಕೊಂಡಂತೆ ಕಾಣುವುದಿಲ್ಲ. ಮೇಲಾಗಿ ರಿಕ್ತಸ್ಥಾನವಿದ್ದ ಮಾತ್ರಕ್ಕೆ ಕಾಂತತ್ವವೂ ಇರಬೇಕೆಂದಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ತಟಸ್ಥ ಆಮ್ಲಜನಕ ಪರಮಾಣುವೊಂದು ಹೊರಟುಹೋದಾಗ ಅದು ಬಿಟ್ಟುಹೋದ ಎರಡು ಎಲೆಕ್ಟ್ರಾನುಗಳು ಜೋಡಿಗೂಡಿಯೇ ಕುಳಿತಿರುತ್ತವೆ. ಒಂದನ್ನು ಕಳೆದುಕೊಂಡಾಗ ಮಾತ್ರ ಉಳಿದದ್ದಕ್ಕೆ ಸ್ಪಿನ್ನು. ಸೀರಿಯಂ ಆಕ್ಸೈಡಿನ ಕಥೆ ಬೇರೆ. ಅಲ್ಲಿ ಆ ಎಲೆಕ್ಟ್ರಾನುಗಳು ನೆರೆಯ ಸೀರಿಯಂ ಅಯಾನುಗಳ ಮೇಲೆ ನೆಲಸಿ ಅವುಗಳಿಗೆ ಭ್ರಾಮಕವನ್ನು ಕೊಡುತ್ತವೆ. ಐದು ಆಕ್ಸೈಡುಗಳನ್ನು ಒಂದೇ ಸೂತ್ರಕ್ಕೆ ಪೋಣಿಸುವ ‘ಸಾರ್ವತ್ರಿಕ’ ಎಂಬ ವಿಶೇಷಣ ಇಲ್ಲಿಯೇ ಸಡಿಲವಾಗುತ್ತದೆ.

ಮೇಲ್ಮೈಯ ದೋಷ, ಉಷ್ಣಸಂಸ್ಕಾರ, ಕಾಂತತ್ವ ಈ ಮೂರರ ಸಂಬಂಧ ಎಲ್ಲಿಯೂ ಸಿದ್ಧವಾಗಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಸ್ವಭಾವತಃ ಕಾಂತೀಯವಾದ ಆಕ್ಸೈಡುಗಳಲ್ಲಿ ಅದು ಬಹುಕಾಲದ ಸಿದ್ಧಾಂತ. ರಿಚರ್ಡ್‌ಸನ್ ಮತ್ತು ಮಿಲ್ಲಿಗನ್ ೧೯೫೬ರಲ್ಲಿಯೇ ಅತಿಸೂಕ್ಷ್ಮ ನಿಕ್ಕಲ್ ಆಕ್ಸೈಡಿನ ಅಸಹಜ ಕಾಂತಗುಣಗಳನ್ನು ವರದಿಮಾಡಿದ್ದರು. ಎದುರುಬದುರಾಗಿ ನಿಂತ ಸ್ಪಿನ್ನುಗಳ ಲೆಕ್ಕ ಸಣ್ಣ ಕಣದಲ್ಲಿ ಸರಿಹೋಗದೆ ಮಿಗುತ್ತದೆಂದು ನೇಯೆಲ್ ೧೯೬೧ರಲ್ಲಿ ವಿವರಿಸಿದರು. ಮೇಲೆ ಹೇಳಿದ ಕೋಯಿ ಅವರೇ ೧೯೭೧ರಲ್ಲಿ ಸುಮಾರು ಆರು ನ್ಯಾನೊಮೀಟರಿನ ಗಾಮಾ ಫೆರಿಕ್ ಆಕ್ಸೈಡಿನ ಕಣಗಳನ್ನು ಅತಿಶೀತದಲ್ಲಿ ಬಲವಾದ ಕ್ಷೇತ್ರದೊಳಗೆ ಇರಿಸಿ ಮಾಸ್‌ಬವರ್ ರೋಹಿತವನ್ನು ತೆಗೆದರು. ಸ್ಪಿನ್ನುಗಳೆಲ್ಲ ಕ್ಷೇತ್ರದ ದಿಕ್ಕಿಗೆ ತಿರುಗಿದ್ದರೆ ಆರು ರೇಖೆಗಳಲ್ಲಿ ಎರಡು ಮಾಯವಾಗಬೇಕಿತ್ತು. ಆಗಲಿಲ್ಲ. ಕೆಲವು ಸ್ಪಿನ್ನುಗಳು ಓರೆಯಾಗಿಯೇ ನಿಂತಿದ್ದವು, ಅವು ಮೇಲ್ಮೈಯವೆಂದು ಕೋಯಿ ವಾದಿಸಿದರು. ಅವು ಮೇಲ್ಮೈಯವೋ ಒಳಗಿನ ರಿಕ್ತಸ್ಥಾನಗಳ ಅಕ್ರಮದಿಂದ ಬಂದವೋ ಎಂದು ಮುಂದೆ ದಶಕಗಳ ಕಾಲ ಚರ್ಚೆ ನಡೆಯಿತು. ಆದರೆ ಓರೆತನವನ್ನು ಯಾರೂ ಅಲ್ಲಗಳೆಯಲಿಲ್ಲ.

ಸತುವಿನ ಫೆರೈಟನ್ನೂ ನೋಡಬಹುದು. ಘನರೂಪದಲ್ಲಿ ಅದರ ಕಬ್ಬಿಣವೆಲ್ಲ ಒಂದೇ ಬಗೆಯ ಸ್ಥಾನಗಳಲ್ಲಿದ್ದು, ಹತ್ತು ಕೆಲ್ವಿನ್ ಆಸುಪಾಸಿನಲ್ಲಿ ಮಾತ್ರ ಸ್ಪಿನ್ನುಗಳಿಗೆ ಎದುರುಬದುರಿನ ಕ್ರಮ ಬರುತ್ತದೆ. ನ್ಯಾನೊಕಣಗಳಾಗಿ ಮಾಡಿದಾಗ ಕಬ್ಬಿಣದ ಒಂದು ಪಾಲು ಸತುವಿನ ಸ್ಥಾನಕ್ಕೆ ಹೋಗುತ್ತದೆ. ಎರಡು ಸ್ಥಾನಗಳ ನಡುವಣ ಬಲವಾದ ವಿನಿಮಯದಿಂದ ಗ್ರಾಮಿಗೆ ಹಲವು ಇ.ಎಂ.ಯು. ಕಾಂತೀಕರಣ ಬರುತ್ತದೆ. ಕಾಯಿಸಿದರೆ ಅಯಾನುಗಳು ಸ್ವಸ್ಥಾನಗಳಿಗೆ ಮರಳಿ ಕಾಂತತ್ವ ಹೋಗುತ್ತದೆ. ಮೇಲ್ನೋಟಕ್ಕೆ ಇದೂ ಅದೇ ಕಥೆ. ವ್ಯತ್ಯಾಸವೆಂದರೆ ಇಲ್ಲಿ ಸಂಕೇತ ಸಾವಿರಾರು ಪಟ್ಟು ದೊಡ್ಡದು, ಯಾವ ಅಯಾನು ಯಾವ ಸ್ಥಾನದಲ್ಲಿದೆಯೆಂಬುದನ್ನು ಮಾಸ್‌ಬವರ್ ರೋಹಿತ, ನ್ಯೂಟ್ರಾನುಗಳ ವಿವರ್ತನ, ಎಕ್ಸ್-ಕಿರಣ ಶೋಷಣೆ ಇವು ಬೇರೆ ಬೇರೆಯಾಗಿ ಹೇಳುತ್ತವೆ, ಹೇಳಿದ್ದು ಹೊಂದುತ್ತದೆ. ಉಷ್ಣಸಂಸ್ಕಾರ ಇಲ್ಲಿ ಸಾಕ್ಷಿಗಳಲ್ಲಿ ಒಬ್ಬ. ಅಕಾಂತ ಆಕ್ಸೈಡುಗಳ ಸಾಹಿತ್ಯದಲ್ಲಿ ಅದು ಸಾಕ್ಷಿಯೂ ನ್ಯಾಯಾಧೀಶನೂ ಆಗಿ ಕುಳಿತಿದೆ.

ಹಾಗಾದರೆ ಅಕಾಂತ ಆಕ್ಸೈಡುಗಳ ವಿಷಯದಲ್ಲಿ ಕಲ್ಮಷವನ್ನೂ ಸ್ವಭಾವವನ್ನೂ ಬೇರ್ಪಡಿಸುವ ಪ್ರಯೋಗವೇ ಇಲ್ಲವೆ? ಒಂದುಂಟು, ಅದು ಕಾಯಿಸುವ ಪ್ರಯೋಗವಲ್ಲ. ೨೦೧೬ರಲ್ಲಿ ಕೋಯಿ, ಆಕ್‌ಲಂಡ್, ವೆಂಕಟೇಶನ್, ಸೇನ್ ಇವರು ನಾಲ್ಕು ನ್ಯಾನೊಮೀಟರಿನ ಸೀರಿಯಂ ಆಕ್ಸೈಡಿನ ಕಣಗಳನ್ನು ಅಲ್ಯೂಮಿನಿಯಂ ಆಕ್ಸೈಡಿನ ಪುಡಿಯಲ್ಲಿಯೂ, ಸಕ್ಕರೆಯಲ್ಲಿಯೂ, ಲೇಟೆಕ್ಸಿನ ಸೂಕ್ಷ್ಮಗೋಲಗಳಲ್ಲಿಯೂ ಬೆರೆಸಿ ಕಣಗಳನ್ನು ಒಂದರಿಂದೊಂದು ದೂರಮಾಡಿದರು. ಹಾಗೆ ಚದುರಿಸಿದಾಗ ಸೀರಿಯಂ ಆಕ್ಸೈಡಿನ ಕಾಂತಭ್ರಾಮಕ ಹತ್ತನೆಯ ಒಂದಂಶದವರೆಗೂ ಇಳಿಯಿತು. ಕಣಗಳ ಗುಂಪು ನೂರು ನ್ಯಾನೊಮೀಟರಿನ ಪ್ರಮಾಣಕ್ಕೆ ಬಂದಾಗ ಮಾತ್ರ ಕಾಂತತ್ವ ತಲೆದೋರುತ್ತದೆಂದು ಅವರು ಕಂಡರು. ಇದು ಬಹು ಅರ್ಥವತ್ತಾದ ವ್ಯತಿರೇಕ. ಸೀರಿಯಂ ಆಕ್ಸೈಡಿನಲ್ಲಿ ಕಬ್ಬಿಣದ ಚೂರುಗಳೇ ಕಾಂತತ್ವಕ್ಕೆ ಮೂಲವಾಗಿದ್ದರೆ ಸಕ್ಕರೆ ಬೆರೆಸಿದ ಮಾತ್ರಕ್ಕೆ ಅವುಗಳ ಭ್ರಾಮಕ ಇಳಿಯಬೇಕಾದ ಕಾರಣವಿಲ್ಲ. ಅವು ಸಕ್ಕರೆಯ ನಡುವೆಯೂ ಕಬ್ಬಿಣವೇ. ಒಂದೊಂದು ಕಣದ ಮೇಲ್ಮೈಯೂ ಸ್ವತಂತ್ರವಾಗಿ ಫೆರ್ರೊಕಾಂತವಾಗಿದ್ದರೂ ಇಳಿಯಬೇಕಾದ ಕಾರಣವಿಲ್ಲ. ಹೀಗೆ ಒಂದೇ ಏಟಿಗೆ ಎರಡು ಪಕ್ಷಗಳೂ ಅಲುಗುತ್ತವೆ. ಅವರು ಕೊಟ್ಟ ಕಾಂತೀಕರಣವನ್ನು ಒಂದು ಕಣಕ್ಕೆ ಇಳಿಸಿ ಲೆಕ್ಕ ಹಾಕಿದರೆ ಬರುವುದು ಕಾಲು ಬೋರ್ ಮ್ಯಾಗ್ನೆಟಾನಿಗೂ ಕಡಮೆ. ನಾವು ಮೇಲೆ ಕಂಡ ಎರಡನೆಯ ಗತಿಗೇ ಇದು ನಮ್ಮನ್ನು ಒಯ್ಯುತ್ತದೆ.

ಇದಕ್ಕೆ ಅವರು ಕೊಟ್ಟ ವಿವರಣೆ ಸಾಹಸದ್ದು. ಸ್ಪಿನ್ನುಗಳ ವಿನಿಮಯವನ್ನು ಕೈಬಿಟ್ಟು, ಶೂನ್ಯದ ವಿದ್ಯುತ್ಕಾಂತಕ್ಷೇತ್ರದ ಸೂಕ್ಷ್ಮ ಏರಿಳಿತಗಳೊಡನೆ ಕಣಸಮೂಹದ ಎಲೆಕ್ಟ್ರಾನುಗಳು ಅನುರಣಿಸಿ ಕಕ್ಷೀಯ ಚಲನೆಯಿಂದ ಭಾರಿ ಅನುಕಾಂತತ್ವ ಹುಟ್ಟುತ್ತದೆಂದು ಅವರು ಪ್ರತಿಪಾದಿಸುತ್ತಾರೆ. ವಿವರಣೆಯನ್ನು ಒಪ್ಪುವುದಕ್ಕೆ ನಮಗೆ ಧೈರ್ಯ ಸಾಲದು. ಒಂದೇ ಪದಾರ್ಥದಿಂದ, ಒಂದೇ ತಂಡದಿಂದ ಬಂದ ಸಾಕ್ಷ್ಯದ ಮೇಲೆ ಅಷ್ಟು ದೊಡ್ಡ ಸೌಧವನ್ನು ಎಬ್ಬಿಸುವುದು ಆತುರವೆನಿಸುತ್ತದೆ. ಆದರೆ ಅದೇ ಲೇಖನದಲ್ಲಿ, ಈ ಕ್ಷೇತ್ರದ ಬಹುಪಾಲು ಪ್ರಯೋಗಫಲಗಳು ಪುನರಾವೃತ್ತಿಗೆ ನಿಲ್ಲುವುದಿಲ್ಲವೆಂದು, ಆ ಕ್ಷೇತ್ರವನ್ನು ತೆರೆದವರೇ ನೇರವಾಗಿ ಬರೆದಿರುವುದು ಮೆಚ್ಚತಕ್ಕ ಮಾತು.

ವಿದ್ಯಾರ್ಥಿಗಳು ಮುಂದೆ ಕೈಗೊಳ್ಳಬಹುದಾದ ಕೆಲಸಗಳು ಆದುದರಿಂದ ಎರಡು. ಮೊದಲನೆಯದು, ಚೆನ್ನಾಗಿ ವಿಶ್ಲೇಷಿಸಿದ ಒಂದು ಪುಡಿಗೆ ದಶಲಕ್ಷಕ್ಕೆ ಐದು ಭಾಗ, ಹತ್ತು ಭಾಗ, ಇಪ್ಪತ್ತು ಭಾಗ ಕಬ್ಬಿಣವನ್ನು ಬೇಕೆಂದೇ ಸೇರಿಸಿ, ಸೇರಿಸದ ಪುಡಿಯೊಡನೆ ಒಂದೇ ಕುಲುಮೆಯಲ್ಲಿ ಆಮ್ಲಜನಕ, ನಿರ್ವಾತ, ಹೈಡ್ರೊಜನ್ ಮೂರರಲ್ಲಿಯೂ ಕಾಯಿಸಿ, ಅಳೆದ ವಕ್ರರೇಖೆಗಳನ್ನು ಏನನ್ನೂ ಕಳೆಯದೆ ಅಕ್ಕಪಕ್ಕದಲ್ಲಿ ಅಚ್ಚುಮಾಡುವುದು. ಹೊಸದೇನನ್ನೂ ಕಂಡುಹಿಡಿಯದ ಈ ಪ್ರಬಂಧವನ್ನು ಪ್ರಕಟಿಸುವುದು ಕಷ್ಟವಾದೀತು; ಇಂಥ ವಾರ್ಷಿಕ ಸಂಚಿಕೆಗಳು ಇರುವುದು ಅದಕ್ಕಾಗಿಯೇ. ಎರಡನೆಯದು, ೨೦೧೬ರ ಚದುರಿಸುವ ಪ್ರಯೋಗವನ್ನು ೨೦೦೬ರ ಪಟ್ಟಿಯ ಉಳಿದ ನಾಲ್ಕು ಆಕ್ಸೈಡುಗಳ ಮೇಲೆ, ಕಾಯಿಸುವುದಕ್ಕೆ ಮುಂಚೆಯೂ ಕಾಯಿಸಿದ ಮೇಲೆಯೂ ಮಾಡಿನೋಡುವುದು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಸೂಕ್ಷ್ಮ ತಕ್ಕಡಿ, ಪ್ಲಾಸ್ಟಿಕ್ಕಿನ ಚಿಮಟ, ಒಂದು ಹಿಡಿ ಸಕ್ಕರೆ. ಆ ಸಕ್ಕರೆಯನ್ನೂ ಬೆರೆಸುವುದಕ್ಕೆ ಮುಂಚೆ ಕಾಂತಮಾಪಕದಲ್ಲಿ ಒಮ್ಮೆ ಅಳೆದಿರಬೇಕು.